ಅತ್ತೆಯ ಪಾಳಿ

ಈ ಸಲ ಕ್ರಿಸ್ಮಸ್ಸಿಗೆ ನಾನು ಮನೆಯ ಪರದೆ ಒಗೆಯಲಿಲ್ಲ. ಗೋಡೆಗೆ ಸುಣ್ಣ ಹೊಡೆಸಲಿಲ್ಲ, ಕರ್ಚಿಕಾಯಿ ಕರಿಯಲಿಲ್ಲ. ಶಹಾಪುರದ ನಮ್ಮ ಓಣಿಯಲ್ಲಿ ಇದು ಸಣ್ಣ ಸುದ್ದಿಯಲ್ಲ. ಪಕ್ಕದ ಮನೆಯವರು ಮೆಲ್ಲಗೆ ಬಂದು, "ಟೀಚರ್‌ರೀ, ಆರಾಮ ಅದೀರಿಲ್ಲ?" ಎಂದು ವಿಚಾರಿಸಿದರು. ಆರಾಮವಾಗಿಯೇ ಇದ್ದೆ. ಅವರಿಗೆ ಅರ್ಥವಾಗದ್ದೂ ಅದೇ.

ಡಿಸೆಂಬರ್ ಬಂತೆಂದರೆ ಹೈಸ್ಕೂಲಿನ ಉತ್ತರಪತ್ರಿಕೆಗಳ ಕಟ್ಟು, ವಾರ್ಷಿಕೋತ್ಸವ, ಚರ್ಚಿನ ಮಹಿಳಾ ಸಂಘದ ಕಾರ್ಯದರ್ಶಿಗಿರಿ, ಹಾಡಿನ ತಾಲೀಮು, ಓಣಿಗೆಲ್ಲ ಹಂಚುವ ತಿಂಡಿ. ಇಷ್ಟೆಲ್ಲ ಮುಗಿಸಿ ಹಬ್ಬದ ದಿನ ಆರಾಧನೆಗೆ ಕೂತರೆ ನನಗೆ ಬರುತ್ತಿದ್ದದ್ದು ತೂಕಡಿಕೆ. ಕಣ್ಣು ಮುಚ್ಚಿದ್ದನ್ನು ಜನ ಭಕ್ತಿ ಎಂದುಕೊಳ್ಳುತ್ತಿದ್ದರು. ನಾನೂ ತಿದ್ದಲು ಹೋಗಲಿಲ್ಲ. ಸುವಾರ್ತೆಯಲ್ಲಿ ಒಂದು ಅಕ್ಕ-ತಂಗಿಯರ ಮನೆ ಬರುತ್ತದೆ. ಸ್ವಾಮಿ ಬಂದಾಗ ತಂಗಿ ಅವನ ಪಾದದ ಬಳಿ ಕೂತು ಮಾತು ಕೇಳುತ್ತಾಳೆ, ಅಕ್ಕ ಅಡುಗೆಮನೆಯಲ್ಲಿ ಬೇಯುತ್ತಾಳೆ, ಬುದ್ಧಿಮಾತು ಮಾತ್ರ ಅಕ್ಕನಿಗೆ. ನಾನು ಯಾವಾಗಲೂ ಆ ಅಕ್ಕನ ವಕೀಲೆ. ಅವಳೂ ಕೂತುಬಿಟ್ಟಿದ್ದರೆ ಊಟಕ್ಕೆ ಏನು ಮಾಡುತ್ತಿದ್ದೆ ಸ್ವಾಮಿ, ಎಂದು ಮನಸ್ಸಿನಲ್ಲೇ ವಾದ ಹೂಡುತ್ತಿದ್ದೆ.

ಆ ವಾದ ಸೋತದ್ದು ಡಿಸೆಂಬರಿನ ಮೊದಲ ವಾರದಲ್ಲಿ, ಒಂದು ಬೆಳಿಗ್ಗೆ. ನಾನು ಹಬ್ಬದ ಕೆಲಸಗಳ ಪಟ್ಟಿ ಬರೆಯುತ್ತಿದ್ದೆ, ಅತ್ತೆ ಕೃಪಮ್ಮ ಎದುರಿಗೆ ಕೂತು ನೋಡುತ್ತಿದ್ದರು. ಹತ್ತಿರದ ಸಗರ ಹಳ್ಳಿಯ ಹೊಲಗಳಲ್ಲಿ ಹತ್ತಿ ಬಿಡಿಸಿ ಮಗನನ್ನು ಓದಿಸಿದ ಹೆಂಗಸು. ಐವತ್ತು ವರ್ಷ ಬೈಬಲ್ಲನ್ನು ಎದೆಗವಚಿಕೊಂಡು ಚರ್ಚಿಗೆ ಹೋಗಿದ್ದಾರೆ, ಅದರ ಒಂದು ಸಾಲೂ ಓದಲು ಬಾರದೆ. ಬಿಡಿ ಅಕ್ಷರಗಳ ಗುರುತಿತ್ತು. ಕೆಳಗೊಂದು ಒತ್ತು ಕಂಡರೆ ಅಲ್ಲಿಗೇ ನಿಲ್ಲುತ್ತಿದ್ದರು.

"ಯವ್ವಾ, ಮಂದಿ ಮಕ್ಕಳಿಗೆಲ್ಲ ಓದಾಕ ಕಲಿಸ್ತಿ. ನನ್ನ ಪಾಳಿ ಯಾವಾಗ ಬರ್ತದ?"

"ಹಬ್ಬ ಆಗ್ಲಿ ಅತ್ತಿ."

"ಯಾವ ಹಬ್ಬ?"

ಕೊಂಕಿನಿಂದ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಬೇಕಿತ್ತು. ಮದುವೆಯಾಗಿ ಬಂದಾಗಿನಿಂದ ನಾನು ಕೊಟ್ಟ ಉತ್ತರ ಇದೊಂದೇ. ನಾಚಿಕೆಯಾಗಿ ಅಲ್ಲೇ ಪ್ರಾರ್ಥನೆಗೆ ಕಣ್ಣು ಮುಚ್ಚಿದೆ. ಆಕಾಶದಿಂದ ದನಿಯೇನೂ ಬರಲಿಲ್ಲ. ಆದರೆ ಸ್ವಾಮಿ ಆ ಅಕ್ಕನನ್ನು ಬೈದದ್ದಲ್ಲ, ಅವಳಿಗೆ ರಜೆ ಕೊಟ್ಟದ್ದು ಎಂದು ಮೊದಲ ಸಲ ಹೊಳೆಯಿತು. ಪಟ್ಟಿ ಹರಿದು ಹಾಕಿದೆ.

ಸಂಘದ ಕೆಲಸ ಈ ವರ್ಷ ಬೇರೆಯವರು ನೋಡಿಕೊಳ್ಳಲಿ ಎಂದೆ. ಸುದ್ದಿ ಯಾದಗಿರಿಯ ನಾದಿನಿಗೆ ಮುಟ್ಟಿ ಫೋನು ಬಂತು.

"ವೈನಿ, ಹಬ್ಬಕ್ಕ ಬಂದ ಮಂದಿ ಏನ್ ತಿನ್ನಬೇಕ್ರಿ?"

"ಉಪ್ಪಿಟ್ಟು."

"ಮಂದಿ ಏನಂತಾರ?"

"ಉಪ್ಪು ಕಮ್ಮಿ ಆಗ್ಯಾದ ಅಂತಾರ. ಮಾಡಾಂವ ನಿಮ್ಮಣ್ಣ."

ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಒಂದು ತಾಸು ಪಾಠ. ಮೂರೇ ದಿನದಲ್ಲಿ ಅತ್ತೆ ಕ್ರಿಸ್ತಜನನದ ಅಧ್ಯಾಯವನ್ನು ಸರಾಗ ಓದಿದಾಗ ನನ್ನ ಬೋಧನೆಯ ಬಗ್ಗೆ ನನಗೇ ಹೆಮ್ಮೆ ಬಂತು. ನೋಡಿದರೆ ಬೆರಳು ಕುರುಬರ ಮೇಲೆ, ಬಾಯಿ ಆಗಲೇ ದೇವದೂತರ ಹತ್ತಿರ! ಐವತ್ತು ವರ್ಷ ಕೇಳಿ ಕೇಳಿ ಎಲ್ಲ ಬಾಯಿಪಾಠವಾಗಿತ್ತು. ಬಾಯಿಪಾಠವಾಗದ ಭಾಗವೆಂದು ಹುಡುಕಿ, ಹೊಸ ಒಡಂಬಡಿಕೆಯ ಮೊದಲ ಪುಟ ತೆರೆದೆ. ಯಾರು ಯಾರನ್ನು ಪಡೆದರು ಎಂಬ ಉದ್ದನೆಯ ವಂಶಾವಳಿ ಅದು, ಎಲ್ಲರೂ ಹಾರಿಸಿ ಮುಂದೆ ಹೋಗುವ ಪುಟ. ಹೆಸರಿಗೊಂದು ಒತ್ತು. ಅತ್ತೆ ಬೆವರಿದರು, ನನ್ನನ್ನೂ ಬೆವರಿಸಿದರು, ಆದರೆ ಬಿಡಲಿಲ್ಲ. ಹಬ್ಬದ ದಿನ ಚರ್ಚಿನಲ್ಲಿ ಅದನ್ನೇ ಓದುತ್ತೇನೆಂದು ಹಟ ಹಿಡಿದರು.

ಪಾಸ್ಟರ್ ನಕ್ಕರು. "ಅಮ್ಮಾ, ಆ ಹೆಸರಿನ ಪಟ್ಟಿ ಯಾರು ಕೇಳ್ತಾರ್ರಿ?"

"ಮನೆತನ ಕೇಳದೆ ಯಾರಾರ ಹೆಣ್ಣು ಕೊಡ್ತಾರೇನ್ರಿ? ಸ್ವಾಮಿ ಮನೆತನ ಮಾತ್ರ ಯಾರಿಗೂ ಬ್ಯಾಡೇನು?"

ಪಾಸ್ಟರ್ ಒಪ್ಪಿದರು. ಒಪ್ಪದೆ ಬೇರೆ ದಾರಿಯಿರಲಿಲ್ಲ.

ಹಬ್ಬದ ಆರಾಧನೆಯಲ್ಲಿ ಅತ್ತೆ ಕನ್ನಡಕ ಏರಿಸಿ ಮುಂದೆ ನಿಂತರು. ನಾಲ್ಕು ಹೆಸರು ದಾಟಿದರು, ಹತ್ತು ದಾಟಿದರು. ಅರ್ಧ ದಾರಿಯಲ್ಲಿ ಒಂದು ಉದ್ದನೆಯ ಹೆಸರು ಅಡ್ಡ ಬಂತು. ಬೆರಳು ಅಲ್ಲೇ ನಿಂತಿತು. ಯಾರೋ ಕೆಮ್ಮಿದರು. ಪಾಸ್ಟರ್ ಮೆಲ್ಲಗೆ ಬಾಗಿ ಆ ಹೆಸರನ್ನು ಹೇಳಿಕೊಡಲು ಹೊರಟರು.

"ತಡೀರಿ ಅಯ್ಯನೋರ. ಹೇಳಬ್ಯಾಡ್ರಿ. ನಾ ಓದ್ತೀನಿ."

ಮೈಕಿನಲ್ಲಿ ಅದು ಊರಿಗೆಲ್ಲ ಕೇಳಿತು. ಅಕ್ಷರ ಬಿಡಿಸಿದರು, ಒತ್ತು ಕೂಡಿಸಿದರು, ಹೆಸರನ್ನು ಗೆದ್ದುಕೊಂಡರು. ಆಮೇಲೆ ಕೊನೆಯವರೆಗೆ ಎಲ್ಲೂ ನಿಲ್ಲಲಿಲ್ಲ. ನನ್ನ ತುಟಿಯೂ ಅವರ ಜೊತೆ ಆಡುತ್ತಿತ್ತೆಂದು ಆಮೇಲೆ ಗಂಡ ಹೇಳಿದ.

ಆರಾಧನೆ ಮುಗಿಸಿ ನಡೆದು ಹೊರಟೆವು. ಅತ್ತೆ ಮೊದಲ ಅಂಗಡಿಯ ಮುಂದೆಯೇ ನಿಂತು ಬೋರ್ಡು ಓದಿದರು: ಕಿರಾಣಿ. ಆಮೇಲೆ ಔಷಧದ ಅಂಗಡಿ, ಆಮೇಲೆ ಟೈಲರ್. ನೆಂಟರ ಜೊತೆ ಮನೆ ಬಾಗಿಲಿಗೆ ಬಂದು ನಿಂತಿದ್ದೇವೆಂದು ನಾದಿನಿಯ ಫೋನು ಬಂತು. "ಅತ್ತಿ, ಲಗೂ ನಡೀರಿ, ಮಂದಿ ಕಾಯಾಕತ್ತಾರ," ಎಂದೆ, ಹಳೆಯ ಚಾಳಿ.

"ಕಾಯಲಿ ಬಿಡು," ಎಂದು ಅತ್ತೆ ರಸ್ತೆಯ ಆಚೆ ಬದಿಗೆ ದಾಟಿದರು. "ಈ ಕಡೀದು ಇನ್ನೂ ಓದಿಲ್ಲ."