ಮಗಳ ಆಲ್ಬಮ್‌ನಲ್ಲಿ ತಮ್ಮನ ಫೋಟೋ

ಫ್ರೆಂಡ್ಸ್, ಇವತ್ತು ಮಧ್ಯಾಹ್ನ ಕೈಗೂಸು ಮಗನಿಗೆ ವಿಜಯನಗರದಲ್ಲಿ ಇಂಜೆಕ್ಷನ್ ಹಾಕಿಸ್ಕೊಂಡು ಮನೆಗೆ ಬಂದೆ. ಹಾಲ್‌ನಲ್ಲಿ ಅತ್ತೆ ನನ್ನ ಮಗಳ ಆಲ್ಬಮ್ ಬಿಚ್ಚಿಕೊಂಡು ಕೂತಿದ್ರು. ಅವಳು ಹುಟ್ಟಿದಾಗಿನಿಂದ ನಾನೇ ಫೋಟೋ ಅಂಟಿಸಿ, ಪಕ್ಕದಲ್ಲಿ ಅವಳ ತೊದಲು ಮಾತು ಬರೆದಿಟ್ಟ ಆಲ್ಬಮ್ ಅದು. ಅವಳ ಫೋಟೋಗಳನ್ನೆಲ್ಲ ಕಿತ್ತು ಪ್ಲಾಸ್ಟಿಕ್ ಕವರಿಗೆ ತುಂಬಿ, ಆ ಜಾಗದಲ್ಲಿ ಮಗನ ನಾಮಕರಣದ ಫೋಟೋ ಅಂಟಿಸ್ತಿದ್ರು. ಏಳು ವರ್ಷದ ಮಗಳೇ ಪಕ್ಕದಲ್ಲಿ ಕೂತು ಗಮ್ ಹಚ್ಚಿ ಕೊಡ್ತಿದ್ಲು.

"ಇದೇನತ್ತೆ?" ಅಂದೆ.

"ಒಳ್ಳೇ ಆಲ್ಬಮ್ಮು, ವಂಶೋದ್ಧಾರಕನಿಗಿರಲಿ. ಅವಳದ್ದು ನಿನ್ನ ಮೊಬೈಲಲ್ಲಿ ಇದ್ಯಲ್ಲ."

ಮಗಳು ನನಗೇ ಸಮಾಧಾನ ಹೇಳಿದ್ಲು. "ಪರವಾಗಿಲ್ಲಮ್ಮ, ನಾನು ಹೆಂಗಿದ್ರೂ ಮದುವೆಯಾಗಿ ಹೋಗೋಳಂತೆ."

ಗಂಡನಿಗೆ ಫೋನ್ ಮಾಡಿದೆ. "ಇಷ್ಟಕ್ಕೆಲ್ಲ ರಂಪ ಮಾಡ್ಬೇಡ ಕಣೇ, ಹೊಸದೊಂದು ತಗೊಂಡ್ರಾಯ್ತು," ಅಂದ್ರು.

ಮಗನ ಫೋಟೋಗಳನ್ನ ಬಿಡಿಸಿ ತೆಗೆದು, ಸಂಜೆವರೆಗೂ ಮಗಳ ಜೊತೆ ಕೂತು ಅವಳದ್ದನ್ನ ಮತ್ತೆ ಅಂಟಿಸಿದೆ. ಕೆಲವು ಹರಿದೇ ಹೋಗಿವೆ. ಅತ್ತೆ ಕಾಫಿನೂ ಕುಡೀದೆ ರೂಮಿನ ಬಾಗಿಲು ಹಾಕ್ಕೊಂಡಿದ್ದಾರೆ.

ಅತ್ತೆ ತವರಿನಿಂದ ತಂದಿರೋ ಫೋಟೋ ಒಂದೇ ಒಂದು, ನಮ್ಮ ಶೋಕೇಸಲ್ಲಿದೆ. ಅದರಲ್ಲಿ ಅವರ ಮೂರೂ ಜನ ತಮ್ಮಂದಿರು ಸಾಲಾಗಿ ನಿಂತಿದ್ದಾರೆ. ಅತ್ತೆ ಇಲ್ಲ.