ಗುಲಾಬಿ ಮೇಣ ಮೆತ್ತಿದ ಎರಡು ಸ್ಕ್ರೂಗಳು

ಅವರನ್ನು ಎಲ್ಲರೂ ಕರೆಯುತ್ತಿದ್ದುದು ಹಲ್ಲಿನವರು ಎಂದು. ಡಾಕ್ಟರೇನಲ್ಲ. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ನಲವತ್ತೆರಡು ವರ್ಷ ಹಲ್ಲಿನ ಸೆಟ್ಟು ಮಾಡಿದವರು. ಕಿಟಕಿ ಪಕ್ಕ ಒಂದು ಉದ್ದನೆಯ ಮೇಜು, ಮೇಜಿನ ಮೇಲೆ ಪ್ಲಾಸ್ಟರಿನ ದವಡೆಗಳ ಸಾಲು, ಮೇಣ ಕರಗಿಸುವ ಸಣ್ಣ ದೀಪ, ಬೆಳಗಿನಿಂದ ಸಂಜೆವರೆಗೂ ಗುಂಯ್ ಎನ್ನುವ ಅರೆಯುವ ಮೆಷಿನ್ನು. ಆ ಮೆಷಿನ್ನಿನ ಪಕ್ಕ ಕೂತೂ ಕೂತೂ ಅವರ ಕಿವಿ ನಡುವಯಸ್ಸಿಗೆ ಮೊದಲೇ ಸ್ವಲ್ಪ ಮಂದವಾಗಿತ್ತು.

ಕೆಲಸದಲ್ಲಿ ಅವರದೊಂದು ನಿಯಮವಿತ್ತು. ಹೊಸ ಸೆಟ್ಟು ಹಾಕಿಕೊಂಡವರನ್ನು ಹೇಗಿದೆ ಎಂದು ಕೇಳಿದರೆ ನೂರಕ್ಕೆ ತೊಂಬತ್ತು ಜನ ಸರಿಯಾಗಿದೆ ಎಂದೇ ಹೇಳುತ್ತಾರೆ. ಕೆಲವರಿಗೆ ಸಂಕೋಚ, ಕೆಲವರಿಗೆ ಮನೆಗೆ ಹೋಗುವ ಆತುರ, ಕೆಲವರಿಗೆ ಪಾಪ, ಇಷ್ಟು ಕಷ್ಟಪಟ್ಟು ಮಾಡಿದ್ದಾರಲ್ಲ ಎಂಬ ದಾಕ್ಷಿಣ್ಯ. ಹಲ್ಲಿನವರು ಯಾರ ಮಾತನ್ನೂ ನಂಬುತ್ತಿರಲಿಲ್ಲ. ಹಲ್ಲಿನ ನಡುವೆ ನೀಲಿ ಕಾಗದದ ಪಟ್ಟಿ ಇಟ್ಟು, "ಕಚ್ಚಿ" ಅನ್ನುವರು. ಎಲ್ಲಿ ನೀಲಿ ಗಾಢವಾಗಿ ಮೂಡಿತೋ ಅಲ್ಲಿ ಹಲ್ಲು ಎತ್ತರವಾಗಿದೆ ಎಂದರ್ಥ. "ಬಾಯಿ ಸುಳ್ಳು ಹೇಳುತ್ತೆ, ಕಾಗದ ಹೇಳಲ್ಲ" ಎಂದು ನಗುತ್ತಾ ಅರೆಯುವ ಮೆಷಿನ್ನು ಹಚ್ಚುವರು. ಇಷ್ಟೊಂದು ಬುದ್ಧಿವಂತ ಮನುಷ್ಯ ತನ್ನ ಮನೆಯಲ್ಲಿ ಮಾತ್ರ ಆ ಕಾಗದ ಇಡುವುದನ್ನು ಮರೆತರು. ಈ ಕಥೆ ಅಷ್ಟೇ.

ಅವರಿಗಿದ್ದ ಹುಚ್ಚು ಒಂದೇ: ಯುರೋಪಿನ ಹಳೆಯ, ಪುಟಾಣಿ ಸ್ಪೋರ್ಟ್ಸ್ ಕಾರುಗಳು. ಎರಡೇ ಸೀಟು, ಮೇಲೆ ಬಟ್ಟೆಯ ಚಾವಣಿ, ಕೂತರೆ ನೆಲಕ್ಕೇ ಕೂತ ಹಾಗೆ. ಮದುವೆಯ ವರ್ಷ ಕೊಂಡ ಮೊದಲನೆಯದು ಕೆಂಪು ಬಣ್ಣದ್ದು. ಅದರ ತಳ ತುಕ್ಕು ಹಿಡಿದು ತೂತಾಗಿತ್ತು. ಹೆಂಡತಿ ಕಾಲೆತ್ತಿಕೊಂಡು ಕೂರಬೇಕು, ಇಲ್ಲದಿದ್ದರೆ ರಸ್ತೆಯ ಕೆಸರೆಲ್ಲ ಬಟ್ಟೆಗೆ. "ಬೇರೆಯವರು ಹೆಂಡ್ತೀನ ಕಾರಲ್ಲಿ ಕೂರಿಸ್ಕೊಂಡು ಹೋಗ್ತಾರೆ, ನೀವು ನನ್ನ ನಡೆಸ್ಕೊಂಡೇ ಹೋಗ್ತಿದ್ದೀರಲ್ರೀ" ಎಂದು ಆಕೆ ತೂತಿನೊಳಗೆ ಕಾಲು ಬಿಟ್ಟು ತೋರಿಸಿದ್ದಳು. ಎರಡನೆಯದು ಇಟಲಿಯದು, ನೀಲಿ. ನೋಡಲು ಚೆಂದ, ಆದರೆ ಓಡಿದ್ದಕ್ಕಿಂತ ಜಾಕಿನ ಮೇಲೆ ನಿಂತದ್ದೇ ಹೆಚ್ಚು. ಅದಕ್ಕೆ ಆಕೆ ಇಟ್ಟ ಹೆಸರು ಬಾಣಂತಿ. ಬೆಚ್ಚಗೆ ಹೊದಿಸಿ ಮಲಗಿಸಿರಬೇಕು, ಗಾಳಿ ತಾಗಬಾರದು, ದಿನಾ ಎಣ್ಣೆ ಕೊಡಬೇಕು!

ಮೂರನೆಯದು ಇಂಗ್ಲೆಂಡಿನದು, ಕೆನೆ ಬಣ್ಣದ್ದು. ಅದು ಬಂದಾಗ ಮಗಳಿಗೆ ನಾಲ್ಕು ವರ್ಷ. ಏಳು ತುಂಬುವವರೆಗೆ ಅಮ್ಮನ ತೊಡೆಯ ಮೇಲೆ ಕೂತು ಹೋದಳು. ಆಮೇಲೆ ಕಾಲು ಉದ್ದವಾಯಿತು, ಜಾಗ ಸಾಲದಾಯಿತು. ಭಾನುವಾರ ಅಪ್ಪ ಅಮ್ಮ ಒಂದು ಸುತ್ತು ಹೋಗಿ ಬರುವಾಗ ಅವಳು ಮನೆ ಗೇಟಿನ ಬಳಿ ನಿಂತಿರುತ್ತಿದ್ದಳು. ಮುಂದೆ ದೊಡ್ಡವಳಾದ ಮೇಲೂ, "ನಮ್ಮಪ್ಪನ ಕಾರಲ್ಲಿ ನನಗೆ ಸೀಟೇ ಇಲ್ಲ" ಎಂದು ತಮಾಷೆಯಾಗಿ ಹೇಳುವಳು. ತಮಾಷೆ ಪೂರಾ ತಮಾಷೆಯಲ್ಲ ಎಂಬುದು ಅಮ್ಮನಿಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿರಲಿಲ್ಲ.

ಈ ಕೆನೆ ಬಣ್ಣದ ಕಾರಿಗೆ ಎರಡು ಕಾರ್ಬುರೇಟರ್. ಅಂದರೆ ಎಂಜಿನ್ನು ಉಸಿರೆಳೆಯಲು ಎರಡು ಬಾಯಿ. ಎರಡೂ ಸಮವಾಗಿ ಎಳೆದರೆ ಸರಿ, ಒಂದು ಹೆಚ್ಚು ಒಂದು ಕಡಿಮೆ ಆದರೆ ಎಂಜಿನ್ನು ಕುಂಟುತ್ತದೆ. ಸಮ ಮಾಡುವುದಕ್ಕೆ ಒಂದೊಂದಕ್ಕೂ ಒಂದು ಸ್ಕ್ರೂ. ಮೊಳದುದ್ದದ ರಬ್ಬರ್ ಟ್ಯೂಬಿನ ಒಂದು ತುದಿ ಕಾರ್ಬುರೇಟರಿನ ಬಾಯಿಗೆ, ಇನ್ನೊಂದು ತುದಿ ಕಿವಿಗೆ. ಸುಸ್ ಎನ್ನುವ ಸದ್ದು ಕೇಳಿಸುತ್ತದೆ. ಈಚೆಯದರ ಸುಸ್, ಆಚೆಯದರ ಸುಸ್, ಎರಡೂ ಒಂದೇ ಆಗುವವರೆಗೆ ಸ್ಕ್ರೂ ತಿರುಗಿಸಬೇಕು. ಹಲ್ಲಿನವರ ಮಂದ ಕಿವಿಗೆ ಅದು ದಕ್ಕಲಿಲ್ಲ. ಹೆಂಡತಿಯ ಕಿವಿ ಚುರುಕು. ಪಕ್ಕದ ಮನೆಯಲ್ಲಿ ಹಾಲು ಉಕ್ಕುವ ಮೊದಲೇ ಇವಳಿಗೆ ಗೊತ್ತಾಗುತ್ತಿತ್ತು. ಹಾಗಾಗಿ ಭಾನುವಾರ ಬೆಳಿಗ್ಗೆ ಇಬ್ಬರೂ ಮನೆ ಹತ್ತಿರದ ದರ್ಜಿ ಅಂಗಡಿ ಹಿಂದಿನ ಬಾಡಿಗೆ ಶೆಡ್ಡಿಗೆ ಹೋಗುವರು. ಆಕೆ ಸ್ಟೂಲಿನ ಮೇಲೆ ಕೂತು ಟ್ಯೂಬು ಕಿವಿಗಿಡುವಳು, ಇವರು ಬಗ್ಗಿ ಸ್ಕ್ರೂ ತಿರುಗಿಸುವರು. "ಇನ್ನೊಂಚೂರು. ಸಾಕು ಸಾಕು. ಜಾಸ್ತಿಯಾಯ್ತು, ಹಿಂದಕ್ಕೆ. ಹಾಂ, ಸರಿಯಾಯ್ತು ಕಣ್ರೀ." ಆಮೇಲೆ ಒಂದು ಸುತ್ತು.

ಶೆಡ್ಡಿಗೆ ಯಾರೇ ಬರಲಿ, ಹಲ್ಲಿನವರು ಹೆಂಡತಿಯನ್ನು ತೋರಿಸಿ, "ಇವಳೇ ನನ್ನ ಕಿವಿ. ಇವಳಿಲ್ಲದಿದ್ರೆ ಈ ಕಾರಿಲ್ಲ" ಎನ್ನುವರು. ಹೆಮ್ಮೆಯಿಂದಲೇ ಹೇಳುತ್ತಿದ್ದ ಮಾತು. ಆಕೆಯೂ ನಾಚಿ ಕೆಂಪಾಗುವಳು. ಮೂವತ್ತೊಂದು ವರ್ಷ ಹೀಗೇ ಹೋಯಿತು.

ಎಂಟು ತಿಂಗಳ ಹಿಂದೆ ಒಂದು ಭಾನುವಾರ ಆಕೆ ಸರಿಯಾಯ್ತು ಕಣ್ರೀ ಅಂದಳು. ಬುಧವಾರ ಎದೆನೋವು ಬಂತು, ಶುಕ್ರವಾರ ಆಕೆ ಇಲ್ಲ.

ಹದಿನೈದು ದಿನ ಕಳೆದ ಮೇಲೆ ಹಲ್ಲಿನವರು ಒಬ್ಬರೇ ಶೆಡ್ಡಿಗೆ ಹೋದರು. ಕ್ಲಿನಿಕ್ಕಿನಿಂದ ತಂದಿದ್ದ ಗುಲಾಬಿ ಮೇಣ ಕರಗಿಸಿ ಎರಡೂ ಸ್ಕ್ರೂಗಳ ಮೇಲೆ ಒಂದೊಂದು ತೊಟ್ಟು ಬಿಟ್ಟರು. ಹಲ್ಲು ಕೂರಿಸುವಾಗ ಅಲುಗದಿರಲಿ ಎಂದು ಹಾಕುವ ಅದೇ ಮೇಣ. ಆಕೆ ಕೊನೆಯದಾಗಿ ಕೇಳಿ, ಸರಿ ಎಂದು ನಿಲ್ಲಿಸಿದ ಜಾಗ ಅದು. ಫೋಟೋ ಇತ್ತು, ಸೀರೆಗಳಿದ್ದವು. ಆದರೆ ಆಕೆಯ ಕಿವಿ ಉಳಿದಿದ್ದುದು ಈ ಎರಡು ಸ್ಕ್ರೂಗಳಲ್ಲಿ ಮಾತ್ರ ಎಂದು ಅವರಿಗೆ ಅನಿಸಿತ್ತು. ಅನಿಸಿದ ಮೇಲೆ ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತರು.

ಈಗ ಕಣ್ಣಿಗೆ ಪೊರೆ, ಕೈಗೆ ನಡುಕ. ಇನ್ನು ಗಾಡಿ ಓಡಿಸುವ ಹಾಗಿಲ್ಲ ಎಂದು ಕಣ್ಣಿನ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು. ಕಾರು ಮಾರಬೇಕಾಯಿತು. ಬೆಲೆಯ ಬಗ್ಗೆ ಹಲ್ಲಿನವರದು ಚೌಕಾಸಿಯಿಲ್ಲ, ಷರತ್ತು ಒಂದೇ: ಮೇಣ ಹಾಕಿದ ಎರಡು ಸ್ಕ್ರೂ ಮುಟ್ಟಬಾರದು. ಮೊದಲು ಬಂದ ಇಬ್ಬರು, ಮುದುಕನಿಗೆ ತಲೆ ಕೆಟ್ಟಿದೆ ಎಂದುಕೊಂಡು ನಯವಾಗಿ ಜಾರಿಕೊಂಡರು. ಮೂರನೆಯವನು ಬಂದರಿನಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುವವನು. ದಪ್ಪ ಬೆರಳು, ಮೆತ್ತಗಿನ ಮಾತು.

ಅವನು ಶೆಡ್ಡಿಗೆ ಬಂದ ಬೆಳಿಗ್ಗೆ ಮಗಳೂ ಬಂದಿದ್ದಳು, ಕಾಗದಪತ್ರಕ್ಕೆ ಸಹಿ ಮಾಡಿಸುವಾಗ ಜೊತೆಗಿರಲಿ ಎಂದು. ರಿಪೇರಿಯವನು ಕಾರನ್ನು ಸೇತುವೆವರೆಗೆ ಓಡಿಸಿಕೊಂಡು ಬಂದ. ಇಳಿದು, ಬಾನೆಟ್ಟು ಎತ್ತಿ, ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ.

"ಸರ್, ಬೇಜಾರ್ ಮಾಡ್ಕೋಬೇಡಿ. ಒಂದು ಕಡೆ ಮೈಮುರಿದು ದುಡೀತಿದೆ, ಇನ್ನೊಂದು ಕಡೆ ನಿದ್ದೆ ಹೊಡೀತಿದೆ. ಸೇತುವೆ ಏರು ಹತ್ತೋಕೇ ಒದ್ದಾಡ್ತು. ಆ ಸ್ಕ್ರೂ ತಿರುಗಿಸ್ಲೇಬೇಕು."

ಹಲ್ಲಿನವರಿಗೆ ಸಿಟ್ಟು ನೆತ್ತಿಗೇರಿತು. "ಏನ್ರೀ ಮಾತಾಡ್ತೀರ? ನನ್ನ ಹೆಂಡ್ತಿ ಕೇಳಿ ಇಟ್ಟಿರೋ ಸ್ಕ್ರೂ ಅದು. ಅವಳ ಕಿವಿ ಎಂಥದ್ದು ಅಂತ ಗೊತ್ತಾ ನಿಮಗೆ? ವಯಸ್ಸಾಗಿದೆ ಕಾರಿಗೆ, ಏರಲ್ಲಿ ಏದುಸಿರು ಬಿಡುತ್ತೆ. ನಾನೂ ಬಿಡ್ತೀನಿ."

ರಿಪೇರಿಯವನು ಚೀಲದಿಂದ ಬೆರಳುದ್ದದ ಒಂದು ಗಾಜಿನ ಕೊಳವೆ ತೆಗೆದ. ಗಾಳಿ ಅಳೆಯುವ ಸಾಧನ, ಒಳಗೊಂದು ಸಣ್ಣ ಗುಂಡು. ಎಂಜಿನ್ನು ಓಡುತ್ತಿರುವಾಗಲೇ ಒಂದು ಕಾರ್ಬುರೇಟರಿನ ಬಾಯಿಗೆ ಹಿಡಿದ. ಗುಂಡು ಸರ್ರನೆ ಮೇಲೇರಿ ನಿಂತಿತು. ಇನ್ನೊಂದಕ್ಕೆ ಹಿಡಿದ. ಗುಂಡು ತಳದಲ್ಲೇ ಕೊಂಚ ಮಿಸುಕಿ, ಅಲ್ಲೇ ಕೂತಿತು.

"ಇದು ಒಂದು ವಾರದ್ದಲ್ಲ ಸರ್. ಎಂಜಿನ್ ನೋಡಿದ್ರೆ ಗೊತ್ತಾಗುತ್ತೆ. ಐದಾರು ವರ್ಷದಿಂದ ಹೀಗೇ ಓಡಿದೆ."

ಹಲ್ಲಿನವರು ಗುಂಡನ್ನೇ ನೋಡುತ್ತಾ ನಿಂತರು. ಅದು ನೀಲಿ ಕಾಗದ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಮಗಳ ಕಡೆ ತಿರುಗಿ, "ನಿಮ್ಮಮ್ಮ ಇದ್ದಿದ್ರೆ ಇವರಿಗೆ ತೋರಿಸ್ತಿದ್ಲು" ಎಂದರು.

ರಿಪೇರಿಯವನು ಎಂಜಿನ್ನು ಆರಿಸಿ, ಇಬ್ಬರ ಮುಖ ನೋಡಿ, ಬೀಡಿ ಸೇದುವ ನೆಪದಲ್ಲಿ ರಸ್ತೆಗೆ ಹೋದ.

"ಅಪ್ಪ, ಅಮ್ಮನಿಗೆ ಕಿವಿ ಕೇಳಿಸ್ತಿರ್ಲಿಲ್ಲ."

"ಏನು?"

"ಬಲಗಿವಿ ಪೂರ್ತಿ ಹೋಗಿತ್ತು. ಎಡಗಿವಿ ಅರ್ಧ. ಆರು ವರ್ಷ ಆಗಿತ್ತು. ನಾನೇ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ದೆ. ಕಿವಿ ಮೆಷಿನ್ನೂ ಕೊಡಿಸಿದ್ದೆ. ನಮ್ಮನೆಗೆ ಬಂದಾಗ ಹಾಕ್ಕೋತಿದ್ಲು, ಹೊರಡುವಾಗ ಮಾತ್ರೆ ಡಬ್ಬಿಯಲ್ಲಿ ಇಟ್ಕೋತಿದ್ಲು."

"ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

"ನಾನು ಹೇಳ್ತೀನಿ ಅಂದೆ. ಆಣೆ ಹಾಕಿಸ್ಕೊಂಡ್ಲು." ಮಗಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "'ನಿಮ್ಮಪ್ಪನಿಗೆ ಶೆಡ್ಡಲ್ಲಿ ಬೇಕಾಗಿರೋದು ನನ್ನ ಕಿವಿ. ಅದೂ ಇಲ್ಲ ಅಂತ ಗೊತ್ತಾದ್ರೆ, ಭಾನುವಾರ ಅವರೊಬ್ರೇ ಹೋಗ್ತಾರೆ. ನಾನು ಗೇಟಲ್ಲಿ ನಿಂತ್ಕೋಬೇಕಾಗುತ್ತೆ, ನಿನ್ನ ಹಾಗೆ' ಅಂದ್ಲು ಅಮ್ಮ."

ಹುಡುಕುತ್ತಾ ಹೋದರೆ ಎಲ್ಲವೂ ಕಣ್ಣ ಮುಂದೆಯೇ ಇತ್ತು. ಟಿವಿಯ ಸದ್ದು ಜಾಸ್ತಿ ಇಡುತ್ತಿದ್ದಳು. ತನಗಾಗಿ ಇಡುತ್ತಾಳೆ ಎಂದುಕೊಂಡಿದ್ದರು. ಕಾರಿನಲ್ಲಿ ಇವರು ಏನು ಹೇಳಿದರೂ ನಗುತ್ತಿದ್ದಳೇ ಹೊರತು ಉತ್ತರ ಕೊಡುತ್ತಿರಲಿಲ್ಲ. ಗಾಳಿಯ ಖುಷಿ ಎಂದುಕೊಂಡಿದ್ದರು. ಮಾತಾಡುವಾಗ ಇವರ ಬಾಯಿಯನ್ನೇ ನೋಡುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷವಾದರೂ ಇವಳಿಗೆ ನನ್ನ ಮೇಲೆ ಎಷ್ಟು ಅಕ್ಕರೆ ಎಂದು ಒಳಗೊಳಗೇ ಉಬ್ಬಿದ್ದರು. ನಲವತ್ತೆರಡು ವರ್ಷ ಜನರ ಬಾಯಿ ನೋಡಿಯೇ ಅನ್ನ ತಿಂದ ಮನುಷ್ಯನಿಗೆ, ತನ್ನ ಬಾಯಿಯನ್ನು ಒಬ್ಬಳು ಯಾಕೆ ಹೀಗೆ ನೋಡುತ್ತಿದ್ದಾಳೆ ಎಂದು ಹೊಳೆಯಲಿಲ್ಲ.

"ಮತ್ತೆ ಸರಿಯಾಯ್ತು ಅಂತ ಹೇಗೆ ಹೇಳ್ತಿದ್ಲು?"

"ನಿನ್ನ ಮುಖ ನೋಡ್ಕೊಂಡು. ಸ್ಕ್ರೂ ತಿರುಗಿಸಿ ತಲೆ ಎತ್ತಿದಾಗ ಮುಖ ಸಮಾಧಾನವಾಗಿ ಕಂಡ್ರೆ ಸರಿ ಅಂತೀನಿ ಅಂದಿದ್ಲು. ಹೇಳಿ ನಕ್ಕಿದ್ಲು. ಆಮೇಲೆ ಅತ್ಲು."

ಇವರು ಆಕೆಯ ಕಿವಿಯನ್ನು ನಂಬಿದ್ದರು, ಆಕೆ ಇವರ ಮುಖವನ್ನು ನಂಬಿದ್ದಳು. ಪಾಪ, ಆ ಎಂಜಿನ್ನು ಇಬ್ಬರ ನಡುವೆ ಆರು ವರ್ಷ ಕುಂಟಿಕೊಂಡು ಓಡಿತ್ತು. ಮೇಣ ಹಾಕಿ ಕಾಪಾಡಿದ್ದು ಆಕೆ ಕೇಳಿದ್ದನ್ನಲ್ಲ. ಆಕೆ ಬಚ್ಚಿಟ್ಟಿದ್ದನ್ನು.

ಕೊನೆಗೆ ಹಲ್ಲಿನವರು ರಿಪೇರಿಯವನನ್ನು ಕೂಗಿದರು. ತಾನೇ ತಿರುಗಿಸಿಕೊಳ್ಳುತ್ತೇನೆ ಎಂದು ಅವನು ಕೊಳವೆ ತೆಗೆದ. "ಬೇಡ. ಒಂದು ಸಲ ನಾವೇ ಮಾಡ್ತೀವಿ, ಆಮೇಲೆ ನೀವು ಅಳೀರಿ" ಎಂದರು. ಮೊಳೆಗೆ ತೂಗುಹಾಕಿದ್ದ ರಬ್ಬರ್ ಟ್ಯೂಬು ತಂದು ಮಗಳ ಕೈಗೆ ಕೊಟ್ಟರು. ಅವಳು ಅದನ್ನು ಹಿಡಿದದ್ದು ಅದೇ ಮೊದಲು. ಸ್ಟೂಲಿನ ಮೇಲೆ ಕೂತು, ಹೇಗೆ ಎಂದು ಕೇಳದೆಯೇ ಕಿವಿಗಿಟ್ಟುಕೊಂಡಳು. ಚಿಕ್ಕವಳಿದ್ದಾಗ ಮನೆ ಗೇಟಿನಿಂದ ಓಡಿ ಬಂದು ಶೆಡ್ಡಿನ ಬಾಗಿಲ ಸಂದಿಯಲ್ಲಿ ಎಷ್ಟು ಸಲ ನೋಡಿದ್ದಳೋ ಏನೋ.

ಹಲ್ಲಿನವರು ಚಾಕುವಿನ ತುದಿಯಿಂದ ಮೇಣ ಎಬ್ಬಿಸಿದರು. ಒಂದು ಚೂರು ಬಿಸಿ ಎಂಜಿನ್ನಿನ ಮೇಲೆ ಬಿದ್ದು ಕರಗಿ ಹೋಯಿತು. ರಿಪೇರಿಯವನು ಮತ್ತೆ ಎಂಜಿನ್ನು ಚಾಲೂ ಮಾಡಿದ, ಇವರು ಸ್ಕ್ರೂ ತಿರುಗಿಸಿದರು. "ಇದು ಜೋರು. ಅದು ಸಣ್ಣ. ಅದನ್ನ ಇನ್ನೊಂಚೂರು, ಅಪ್ಪ. ಇನ್ನೊಂಚೂರು. ಸಾಕು. ಎರಡೂ ಒಂದೇ." ತಾಯಿಯದೇ ದನಿ.

ಹಲ್ಲಿನವರು ತಲೆ ಎತ್ತಿದರು. ಮುಖದಲ್ಲಿ ಏನೂ ತೋರಿಸದ ಹಾಗೆ ಹಲ್ಲು ಕಚ್ಚಿಕೊಂಡು ಕೇಳಿದರು:

"ನಿಜವಾಗ್ಲೂ ಕೇಳಿಸ್ತಾ?"

"ಕೇಳಿಸ್ತು ಅಪ್ಪ."

ರಿಪೇರಿಯವನು ಕೊಳವೆ ಹಿಡಿದ. ಗುಂಡು ಎರಡು ಕಡೆಯೂ ಒಂದೇ ಗೆರೆಗೆ ಬಂದು ನಿಂತಿತು. ಎಂಜಿನ್ನಿನ ಸದ್ದೇ ಬದಲಾಗಿತ್ತು. ಮೊದಲ ವರ್ಷಗಳ ಆ ನುಣ್ಣನೆಯ ಸದ್ದು ಹಲ್ಲಿನವರ ಮಂದ ಕಿವಿಗೂ ತಲುಪಿತು, ತಲುಪಿದ್ದೇ ತಡ ಅವರು ಗೋಡೆಯ ಕಡೆ ತಿರುಗಿದರು.

ಕಾಗದಗಳಿಗೆ ಸಹಿಯಾಯಿತು. ಹೊರಡುವ ಮೊದಲು ರಿಪೇರಿಯವನು, "ಅಕ್ಕ, ಒಂದು ಸುತ್ತು ಬರ್ತೀರಾ?" ಎಂದು ಮಗಳನ್ನು ಕೇಳಿದ. ಅವಳು ಅಪ್ಪನ ಮುಖ ನೋಡಿದಳು. "ಹೋಗು ಹೋಗು" ಎಂದರು. ಇಪ್ಪತ್ತೆಂಟು ವರ್ಷದ ಮೇಲೆ ಅವಳು ಆ ಎಡಗಡೆಯ ಸೀಟಿನಲ್ಲಿ ಕೂತಳು.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಹಲ್ಲಿನವರು ಶೆಡ್ಡಿನೊಳಗೆ ಬಂದರು. ನೆಲದ ಮೇಲೆ ಎಣ್ಣೆಯ ಕಲೆ, ಮಧ್ಯದಲ್ಲಿ ಇಷ್ಟಗಲ ಖಾಲಿ ಜಾಗ, ಪಕ್ಕದಲ್ಲಿ ಸ್ಟೂಲು. ಆ ಸ್ಟೂಲಿನ ಮುಂದೆ ನಿಂತು, ಬಾಯಿ ಚೆನ್ನಾಗಿ ತೆರೆದು, ಒಂದೊಂದೇ ಮಾತು ಬಿಡಿಸಿ, ಆಚೆ ಹೊಲಿಗೆ ಯಂತ್ರ ತುಳಿಯುತ್ತಿದ್ದ ದರ್ಜಿ ಕೂಡ ನಿಲ್ಲಿಸಿ ನೋಡುವಷ್ಟು ಜೋರಾಗಿ ಹೇಳಿದರು:

"ಸುಮ್ನೆ ಕೂತಿದ್ರೂ ಸಾಕಾಗಿತ್ತಲ್ಲೇ. ನೀನು ಸುಮ್ನೆ ಕೂತಿದ್ರೂ ಸಾಕಾಗಿತ್ತು."