ಬೀಳು ಹೊಲದ ಸಿಂಗಾರ

ನಮ್ಮ ಮಾವನಿಗೆ ಸುಮ್ಮನೆ ಕೂರುವುದೆಂದರೆ ಜ್ವರ ಬಂದ ಹಾಗೆ. ಊಟಕ್ಕೆ ಕೂತರೂ ಎಡಗೈ ಯಾವುದೋ ಹಗ್ಗದ ಗಂಟು ಬಿಡಿಸುತ್ತಿರುತ್ತದೆ. ಅವರ ಹೊಲದಲ್ಲಿ ಕಳೆ ಕಂಡವರಿಲ್ಲ. ಬೇರೆಯವರ ಹೊಲದಲ್ಲಿ ಕಂಡರಂತೂ ಆಡುತ್ತಿದ್ದ ಮಾತು ಬಿಟ್ಟು ಇಳಿದು ಕಿತ್ತೇಬಿಡುತ್ತಾರೆ. ಇಂಥವರನ್ನು ಹುಡುಕಿಕೊಂಡು ಕೃಷಿ ಇಲಾಖೆಯವರು ಬಂದರು ನೋಡಿ!

ಹೊಳೆದಂಡೆಯ ಹೊಲವನ್ನು ಉಳಬೇಡಿ, ಬಿತ್ತಬೇಡಿ, ಬೀಳು ಬಿಡಿ. ಹುಲ್ಲು ಬೆಳೆಯಲಿ, ಹಕ್ಕಿ, ಜೇನು ಬರಲಿ, ಬೆಳೆಯ ಬದಲು ವರ್ಷಾವರ್ಷ ನಾವು ಹಣ ಕೊಡುತ್ತೇವೆ ಎಂದರು. ಹೊಳೆ ಉಕ್ಕಿದಾಗಲೆಲ್ಲ ಬೀಜ ನುಂಗುವ ಹೊಲ ಅದು. ಮನೆಯವರೆಲ್ಲ ಸೇರಿ ಮಾವನನ್ನು ಒಪ್ಪಿಸಿದೆವು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಗೊಣಗುತ್ತಲೇ ರುಜು ಹಾಕಿದರು. ಹುಲ್ಲು ಸೊಂಟದೆತ್ತರ ಬೆಳೆಯಿತು. ಮಾವ ನಾಚಿಕೆಯಿಂದ ಆ ದಾರಿಯನ್ನೇ ಬಿಟ್ಟರು.

ವರ್ಷ ತುಂಬಿದ ಮೇಲೆ ಅಧಿಕಾರಿ ಹೊಲ ನೋಡಲು ಬರುತ್ತಾರೆಂದು ಸುದ್ದಿ ಬಂತು. ಮೆಚ್ಚಿದರೆ ಸರಿ, ಇಲ್ಲವಾದರೆ ಒಪ್ಪಂದ ರದ್ದು. ಅವರು ಬರುವ ದಿನ ಬೆಳಿಗ್ಗೆ ಎದ್ದು ನೋಡಿದರೆ ಮಾವನೂ ಇಲ್ಲ, ಕುಡುಗೋಲೂ ಇಲ್ಲ. ಅತ್ತೆಯೂ ನಾನೂ ಹೊಲಕ್ಕೆ ಓಡಿದೆವು. ಅಯ್ಯೋ, ಅರ್ಧ ಹೊಲ ಕ್ಷೌರ ಮಾಡಿಸಿಕೊಂಡು ಕೂತಿತ್ತು! ದೊಡ್ಡವರು ಬರುವಾಗ ಹೊಲ ಹೀಗಿದ್ದರೆ ನನ್ನ ಮರ್ಯಾದೆ ಏನಾಗಬೇಕು ಎಂದು ಮಾವ ನನ್ನ ಮೇಲೇ ರೇಗಿದರು. ನನಗೂ ಸಿಟ್ಟು ನೆತ್ತಿಗೇರಿತ್ತು, ಆದರೆ ಅಷ್ಟರಲ್ಲಿ ಅತ್ತೆ ಉಳಿದ ಹುಲ್ಲಿನ ನಡುವೆ ಹೋಗಿ ಕೂತುಬಿಟ್ಟರು.

"ಕೊಯ್ಯೋದಿದ್ರೆ ನನ್ನನ್ನೂ ಸೇರ್ಸೇ ಕೊಯ್ದುಬಿಡಿ."

ಅಧಿಕಾರಿ ಬಂದಾಗಲೂ ಅತ್ತೆ ಎದ್ದಿರಲಿಲ್ಲ. ಚಿಕ್ಕ ವಯಸ್ಸಿನ ಆ ಹೆಣ್ಣುಮಗಳು ಬೋಳು ಹೊಲ ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ಹುಲ್ಲಿನೊಳಗೆ ಕಾಲಿಟ್ಟರು. ಪುರ್ರನೆ ಹಕ್ಕಿಗಳೆದ್ದವು. ಅತ್ತೆಯ ಮಂಡಿ ಪಕ್ಕದ ಹೂಗಳ ತುಂಬ ಜೇನುಹುಳು. ಮಾವ ಬಾಯಿಬಿಟ್ಟುಕೊಂಡು ನೋಡುತ್ತ ನಿಂತರು. ತಮ್ಮ ಹೊಲದಲ್ಲಿ ಇಷ್ಟೆಲ್ಲ ಇದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ.

ಈ ಅರ್ಧ ಚೆನ್ನಾಗಿದೆ, ಆ ಅರ್ಧಕ್ಕೆ ಮಾತ್ರ ಈ ವರ್ಷ ಹಣವಿಲ್ಲ, ಒಪ್ಪಂದ ಮುಂದುವರಿಯಲಿ ಎಂದರು ಅಧಿಕಾರಿ. ನನಗೆ ಹೋದ ಜೀವ ಬಂತು. ಅವರು ನಗುತ್ತ, ಇಷ್ಟು ಚೆನ್ನಾಗಿ ಉಳಿಸಿದವರು ಯಾರು ಎಂದು ಕೇಳಿದರು.

ಮಾವನ ಬಾಯಲ್ಲಿ ಅತ್ತೆಯ ಹೊಗಳಿಕೆಯನ್ನು ನಾನು ಯಾವತ್ತೂ ಕೇಳಿದವಳಲ್ಲ. ಅವತ್ತು ಎದೆಯುಬ್ಬಿಸಿ ಅತ್ತೆಯತ್ತ ಕೈ ತೋರಿಸಿದರು.

"ನಮ್ಮನೆಯವಳು, ಮೇಡಂ. ಒಂದ್ ಕೆಲ್ಸಾನೂ ಮಾಡ್ಲಿಲ್ಲ."